ಸ್ನಾನಗೃಹದ ನಲವತ್ತು ಕಿಂಡಿಗಳು

ಊರಿನ ಪುರಾತನ ಕಟ್ಟಡಗಳ ರಕ್ಷಣೆಯ ಹೊಣೆ ಹೊತ್ತ ಮಾನ್ಯರೇ,

ನದಿದಂಡೆಯ ಬಿಸಿನೀರಿನ ಸ್ನಾನಗೃಹದ ಛಾವಣಿ ಬೀಳಲಿದೆ. ಅದರ ಕೆಳಗೆ ನನ್ನ ಚಿಕ್ಕಮ್ಮ ಕೆಲಸ ಮಾಡುತ್ತಾಳೆ. ನನ್ನ ಮೂರು ಅರ್ಜಿಗಳಿಗೂ ನಿಮ್ಮ ಕಚೇರಿ ಉತ್ತರಿಸಲಿಲ್ಲ. ಆದ್ದರಿಂದ ಎಲ್ಲರೆದುರು ಬರೆಯುತ್ತಿದ್ದೇನೆ.

ನೀವು ಹಂಚಿದ ಊರಿನ ಇತಿಹಾಸದ ಕಿರುಹೊತ್ತಿಗೆಯನ್ನು ನಾಲ್ಕು ಸಲ ಓದಿದೆ. ಬುಗ್ಗೆಯನ್ನು ಮೊದಲು ಕಂಡ ದನಗಾಹಿ, ಇಲ್ಲಿ ಮಿಂದು ಕೀಲುನೋವು ಕಳೆದುಕೊಂಡ ರಾಣಿ, ಗಾಯಾಳು ಸೈನಿಕರು ಮಲಗಿದ್ದ ಉದ್ದನೆಯ ಮೊಗಸಾಲೆ, ಸೇತುವೆಯ ಕಲ್ಲಿನಲ್ಲಿ ಕೊರೆದ ಪ್ರವಾಹದ ಗೆರೆ ಎಲ್ಲವೂ ಅದರಲ್ಲಿವೆ. ಛಾವಣಿಯ ನಲವತ್ತು ಕಿಂಡಿಗಳನ್ನು ಮಾತ್ರ ‘ನಕ್ಷತ್ರಗಳನ್ನು ಹೋಲುವ ಅಲಂಕಾರ’ ಎಂದಿದ್ದೀರಿ. ಅಲಂಕಾರವೇ? ಮನುಷ್ಯನ ಮೂಗನ್ನೂ ಹಾಗೆಯೇ ಕರೆಯುತ್ತೀರಾ?

ಅವು ಹಬೆ ಹೊರಹೋಗುವ ದಾರಿ. ಇನ್ನೂರು ವರ್ಷ ಸ್ನಾನಗೃಹದ ಕೆಲಸದ ಹೆಂಗಸರು ಪ್ರತಿ ಬೆಳಗ್ಗೆ ಉದ್ದನೆಯ ಕೋಲಿನಿಂದ ಅವುಗಳ ಮರದ ಮುಚ್ಚಳಗಳನ್ನು ತಳ್ಳಿ ತೆರೆಯುತ್ತಿದ್ದರು. ಕಳೆದ ವರ್ಷದ ಜೀರ್ಣೋದ್ಧಾರದಲ್ಲಿ ನೀವು ಮುಚ್ಚಳ ಕಿತ್ತು, ಬಣ್ಣದ ಗಾಜು ಕೂರಿಸಿ, ಸುತ್ತ ಗಾರೆ ಮೆತ್ತಿಸಿದಿರಿ. ಫೋಟೋ ಚೆನ್ನಾಗಿ ಬಂತು. ಹಬೆ ಎಲ್ಲಿಗೆ ಹೋಗಬೇಕು? ತೊಲೆಗಳೊಳಕ್ಕೆ ಹೋಯಿತು.

ಹೋದ ಮಂಗಳವಾರ, ಹೆಂಗಸರ ಕೊಳ ತೊಳೆಯುವ ಹೊತ್ತಿನಲ್ಲಿ, ಚಿಕ್ಕಮ್ಮ ಏಣಿ ಹತ್ತಿ ತಲೆಯಿಂದ ಹೇರ್‌ಪಿನ್ ತೆಗೆದು ತೊಲೆಗೆ ಚುಚ್ಚಿದಳು. ಪಿನ್ನು ಬುಡದವರೆಗೂ ಇಳಿಯಿತು. ಏಣಿ ನಡುಗಿತು. ಅದನ್ನು ಹಿಡಿದಿದ್ದವಳು ನಾನು.

“ಏನಮ್ಮಾ, ಮರಕ್ಕೂ ಜಡೆ ಹಾಕ್ತೀಯಾ?” ಎಂದು ಬಾಗಿಲಲ್ಲಿ ನಿಂತಿದ್ದ ನಿಮ್ಮ ಮೇಸ್ತ್ರಿ ನಕ್ಕ.

“ಬಾಪ್ಪಾ, ಇದರ ಕೆಳಗೆ ನಿಂತ್ಕೊಂಡು ನಗು,” ಎಂದಳು ಚಿಕ್ಕಮ್ಮ.

ಅವನು ಹೊಸಿಲು ದಾಟಲಿಲ್ಲ. ಅವನ ಕಾಲಿಗಿರುವ ಬುದ್ಧಿ ನಿಮ್ಮ ಕಡತಗಳಿಗೆ ಯಾಕಿಲ್ಲ?

ಮನೆಗೆ ಬಂದ ಮೇಲೆ, “ಇನ್ಮೇಲೆ ಹೋಗ್ಬೇಡ ಚಿಕ್ಕಮ್ಮಾ,” ಎಂದು ಗೋಗರೆದೆ.

“ನಾನು ಹೋಗ್ದಿದ್ರೆ, ಮೀಯೋಕೆ ಬರೋ, ನಡೆಯೋಕಾಗದ ಆ ಮುದುಕೀರನ್ನ ನೀರಿಂದ ಎತ್ತಿ ಹೊರಗೆ ತರೋರು ಯಾರೇ? ನಿನ್ನ ಕರಪತ್ರ ತರುತ್ತಾ?”

ಭಯವೇ ಅಧಿಕಾರದ ಊರುಗೋಲು, ಅದನ್ನು ಕಿತ್ತುಕೊಳ್ಳಿ ಎಂದು ಕರಪತ್ರಗಳಲ್ಲಿ ಓದಿ ಬೆಳೆದವಳು ನಾನು. ಈಗ ಪಕ್ಕದ ಮನೆಯಲ್ಲಿ ಪಾತ್ರೆ ಬಿದ್ದರೂ ಚಪ್ಪಲಿ ಮೆಟ್ಟದೆ ನದಿಯ ಕಡೆ ಓಡುತ್ತೇನೆ. ನಿನ್ನೆ ಎರಡು ಸಲ ಓಡಿದೆ.

ಶನಿವಾರ ನೀವು ನಡೆಸುವ, ಸ್ನಾನಗೃಹದ ಇನ್ನೂರನೆಯ ವಾರ್ಷಿಕೋತ್ಸವ. ಅಷ್ಟು ದಿನ ಕಾಯಬೇಡಿ. ಇವತ್ತೇ ಹೆಂಗಸರ ಕೊಳಕ್ಕೆ ಬೀಗ ಹಾಕಿಸಿ, ಗಾಜು ಒಡೆಸಿ, ತೊಲೆಗಳನ್ನು ಬಲ್ಲವರಿಂದ ಪರೀಕ್ಷೆ ಮಾಡಿಸಿ. ನನ್ನ ಮಾತನ್ನು ಚಿಕ್ಕಮ್ಮ ಕೇಳುವುದಿಲ್ಲ. ಬಾಗಿಲಿಗೆ ನಿಮ್ಮ ಬೀಗ ಬಿದ್ದರೆ ಮುದುಕಿಯರು ಬರುವುದಿಲ್ಲ. ಅವರು ಬರದಿದ್ದರೆ ಇವಳೂ ಹೋಗುವುದಿಲ್ಲ. ಆಮೇಲೆ ತೊಲೆಗಳು ಗಟ್ಟಿಯಾಗಿಯೇ ಇವೆ ಎಂದು ತಿಳಿದುಬಂದರೆ ಇಡೀ ಊರು ನನ್ನನ್ನು ನೋಡಿ ನಗಲಿ. ನನ್ನ ಮಾತು ಸುಳ್ಳಾಗಲಿ ಎಂದು ಇಷ್ಟು ಬೇಡಿಕೊಂಡು ನಾನು ಹಿಂದೆಂದೂ ಏನನ್ನೂ ಬರೆದಿಲ್ಲ.

ಇಂತಿ,
ಚಿಕ್ಕಮ್ಮ ಹೊರಗೆ ಬರುವವರೆಗೆ ಸ್ನಾನಗೃಹದ ಮೆಟ್ಟಿಲ ಮೇಲೆಯೇ ಕುಳಿತಿರುವ,
ಧೈರ್ಯದ ಬಗ್ಗೆ ಬಹಳ ಓದಿದ ಒಬ್ಬಳು