ಮಾರೆಮ್ಮನ ಪಿನ್ನು

ಜನವರಿ ೧೧, ಭಾನುವಾರ. ಸಿರುಗುಪ್ಪ, ಲಾಡ್ಜ್ ರೂಮು.

ಅಂತೂ ಮುಟ್ಟಿದೆ. ಸದ್ಯ, ಅಪ್ಪನಿಗೆ ಫೋನ್ ಮಾಡಿ "ಗಾಡಿ ತಗೊಂಡು ಬಾ" ಅನ್ನೋ ಪ್ರಸಂಗ ಬರಲಿಲ್ಲ. ಬೀದರ್ ತನಕ ಒಬ್ಬಳೇ ಸೈಕಲ್ ಮೇಲೆ ಹೋಗ್ತೀನಿ, ಪಂಕ್ಚರ್ ನಾನೇ ಹಾಕ್ಕೋತೀನಿ ಅಂತ ಬೆಳಿಗ್ಗೆ ಬಳ್ಳಾರಿ ಮನೆಯಲ್ಲಿ ಎಷ್ಟು ಜಂಬ ಕೊಚ್ಚಿದ್ದೆ!

ಕುರುಗೋಡು ದಾಟಿ ಬಾದನಹಟ್ಟಿ ಹತ್ತಿರ ಹಿಂದಿನ ಟ್ಯೂಬು ಪಂಕ್ಚರ್. ಪ್ಯಾಚ್ ಹಾಕಿದೆ. ಅರ್ಧ ಕಿಲೋಮೀಟರ್ ಹೋಗೋದ್ರೊಳಗೆ ಮತ್ತೆ ಗಾಳಿ ಹೋಯಿತು. ಮತ್ತೆ ಹಾಕಿದೆ, ಮತ್ತೆ ಹೋಯಿತು. ಉಳಿದಿದ್ದು ಒಂದೇ ಪ್ಯಾಚು. ರಸ್ತೆ ಬದಿ ಕೂತು ಅತ್ತೇಬಿಟ್ಟೆ.

ಹತ್ತಿ ಬಿಡಿಸಾಕ ಹೊಂಟಿದ್ದ ಒಬ್ಬಾಕೆ ನಿಂತು ನೋಡಿ, ಪಕ್ಕಕ್ಕೆ ಬಂದು ಕೂತಳು. ಹೆಸರು ಮಾರೆಮ್ಮ. "ತೂತು ಮುಚ್ಚಿದ್ರ ಏನ್ ಬಂತವ್ವಾ? ಮುಳ್ಳು ತಗದೀಯೇನು?" ಅಂದಳು.

ಟೈರಿನೊಳಗೆ ಕೈಯಾಡಿಸಿ ನೋಡೋದನ್ನೇ ಮರೆತಿದ್ದೆ, ದಡ್ಡಿ ನಾನು! ಅವಳೇ ಬೆರಳಾಡಿಸಿದಳು. ಬಳೆಗೆ ಸಿಗಿಸಿಕೊಂಡಿದ್ದ ಪಿನ್ನು ಬಿಚ್ಚಿ, ಮಗುವಿನ ಕಾಲಿನ ಮುಳ್ಳು ತೆಗೆಯೋ ಹಾಗೆ ಮೆಲ್ಲಗೆ ಜಾಲಿಮುಳ್ಳಿನ ತುದಿಯನ್ನು ಎಬ್ಬಿಸಿ ತೆಗೆದಳು. ಆಮೇಲೆ ಪಿನ್ನನ್ನು ನನ್ನ ಕೈಗಿಟ್ಟಳು. "ಇಟ್ಕೋ. ಮುಂದನೂ ಜಾಲಿ ಐತಿ."

ಆ ಕೊನೇ ಪ್ಯಾಚು ಇಲ್ಲಿವರೆಗೂ ಹಿಡಿಯಿತು. ಕಾಲು ಚಾಚಿ ಮಲಗಿದ್ದೀನಿ, ಜೀವ ಹಗುರಾಗಿದೆ. ಪಿನ್ನು ದಿಂಬಿನ ಪಕ್ಕದಲ್ಲೇ ಇದೆ. ಕಣ್ಣು ಮುಚ್ಚಿದರೆ ಮಾತ್ರ ಅವಳು ಹೊಲದ ಕಡೆ ನಡೆದು ಹೋಗಿದ್ದೇ ಕಾಣ್ತದೆ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಬಳೆಯಲ್ಲಿ ಇನ್ನೊಂದು ಪಿನ್ನಾದರೂ ಇತ್ತೋ ಇಲ್ಲವೋ, ನಾನು ನೋಡಲೇ ಇಲ್ಲ.