ಊರಲ್ಲಿಲ್ಲ ಎಂದು ಬರೆದವರು

ಹದಿನೇಳನೆಯ ತಾರೀಕು,
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿಗೆ,

ಅಕ್ಕ ಬದುಕಿದ್ದಾಳೆ, ಗಾಬರಿಯಾಗಬೇಡ. ನಿನ್ನ ಎರಡು ಕಾಗದಗಳೂ ತಲುಪಿದವು. ಎರಡನೆಯದರಲ್ಲಿ ನೀನು ಬೈದಿರುವುದೆಲ್ಲ ನ್ಯಾಯವೇ, ಒಂದು ಮಾತನ್ನೂ ವಾಪಸ್ ತೆಗೆದುಕೊಳ್ಳಬೇಡ. ಎರಡು ತಿಂಗಳಿಂದ ಒಂದಕ್ಷರ ಬರೆಯಲಿಲ್ಲ. ಫೋನ್ ಮಾಡಿದರೂ "ಆಮೇಲೆ ಮಾಡ್ತೀನಿ ಕಣೇ" ಎಂದು ಇಟ್ಟುಬಿಟ್ಟೆ. ಕೆಲಸವಿತ್ತು ಎಂದರೆ ನೀನು ಮೂಗು ಮುರಿಯುತ್ತೀಯ. ಆದರೂ ಕೆಲಸವಿತ್ತು. ನಿನ್ನ ಮೊಣಕಾಲು ಹೇಗಿದೆ? ಮಗಳು ಹೊಸ ಶಾಲೆಗೆ ಹೊಂದಿಕೊಂಡಳೇ? ನೀನು ಕಳಿಸಿದ ಅವಳ ಬೊಚ್ಚುಬಾಯಿಯ ಫೋಟೋ ಕಚೇರಿಯ ಮೇಜಿನ ಗಾಜಿನಡಿ ಇದೆ. ನೋಡಿದವರೆಲ್ಲ "ಥೇಟ್ ನಿಮ್ಮ ಹಾಗೇ ಇದ್ದಾಳೆ" ಎನ್ನುತ್ತಾರೆ. ಪಾಪ, ಅವಳೇನು ತಪ್ಪು ಮಾಡಿದ್ದಳು!

ಮೊದಲು ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ನಮ್ಮ ಕೇಂದ್ರ ಮುಚ್ಚುವುದಿಲ್ಲ. ಗುರುವಾರ ಬೆಳಿಗ್ಗೆ ಆದೇಶ ಬಂತು. ಇನ್ನು ಐದು ವರ್ಷ ಯಾರೂ ನಮ್ಮನ್ನು ಅಲ್ಲಾಡಿಸುವ ಹಾಗಿಲ್ಲ. ಹೋದ ಜೀವ ಬಂದಂತಾಯಿತು ಪುಟ್ಟಿ.

"ನಿಮ್ಮದು ಸರ್ಕಾರದ ಕೇಂದ್ರ ಅಲ್ವಾ, ಮುಚ್ಚೋದು ಅಂದ್ರೇನು?" ಎಂದು ಕೇಳಿದ್ದೆಯಲ್ಲ. ಮೊದಲಾದರೆ ಆರೋಗ್ಯ ಇಲಾಖೆಯೇ ನಮಗೆ ನೇರವಾಗಿ ಅನುದಾನ ಕೊಡುತ್ತಿತ್ತು. ದೊಡ್ಡ ಡಾಕ್ಟರು ವರ್ಷಕ್ಕೊಮ್ಮೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗಿ ಇಲಾಖೆಯ ಬಾಗಿಲಲ್ಲಿ ಕೂತು ಬರುತ್ತಿದ್ದರು. ಈಗ ಹಾಗಿಲ್ಲ. ದೇಶದ ಎಲ್ಲ ಸಂಶೋಧನೆಯನ್ನೂ ಒಂದೇ ಮಂಡಳಿಯ ಕೈಗೆ ಕೊಟ್ಟಿದ್ದಾರೆ. ಯಾವುದಾದರೂ ವಿಶ್ವವಿದ್ಯಾಲಯದ ಆಶ್ರಯ ಹುಡುಕಿಕೊಂಡು ಅರ್ಜಿ ಹಾಕಬೇಕು, ಬೇರೆ ಊರಿನ ತಜ್ಞರು ಓದಿ ಅಂಕ ಕೊಡುತ್ತಾರೆ, ಆಮೇಲೆ ಖುದ್ದಾಗಿ ಬಂದು ನೋಡುತ್ತಾರೆ. ಒಂದು ರೀತಿಯಲ್ಲಿ ಒಳ್ಳೆಯದೇ, ಯಾರ ಪರಿಚಯವೂ ಬೇಕಾಗಿಲ್ಲ. ಆದರೆ ಆ ಸಾಲಿನಲ್ಲಿ ಹೊಸ ಔಷಧಿಯವರು, ದೊಡ್ಡ ಯಂತ್ರಗಳ ಆಸ್ಪತ್ರೆಯವರು ಎಲ್ಲ ಮುಂದೆ ನಿಂತಿರುತ್ತಾರೆ. ಮನೆಮನೆಗೆ ಹೋಗಿ "ಮಗು ಕೆಮ್ಮುತ್ತಾ?" ಎಂದು ಕೇಳುವ ನಾವು ಕೊನೆಗೆ. ರೋಗ ವಾಸಿ ಮಾಡಿದವರ ಫೋಟೋ ಪತ್ರಿಕೆಯಲ್ಲಿ ಬರುತ್ತದೆ, ಬಾರದೆ ಹೋದ ರೋಗದ ಫೋಟೋ ಯಾರು ತೆಗೆಯುತ್ತಾರೆ?

ಮಂಡಳಿಗೆ ಇನ್ನೊಂದು ನಿಯಮವಿದೆ. ನಮ್ಮಂತೆ ವರ್ಷಗಟ್ಟಲೆ ಅದೇ ಮಕ್ಕಳನ್ನು ನೋಡುವ ಅಧ್ಯಯನದಲ್ಲಿ ಹತ್ತಕ್ಕೆ ಒಬ್ಬರಿಗಿಂತ ಹೆಚ್ಚು ಮಕ್ಕಳು ಕೈತಪ್ಪಿ ಹೋಗಿದ್ದರೆ ಅದನ್ನು ನಂಬುವುದಿಲ್ಲ, ಅನುದಾನವೂ ಇಲ್ಲ. ಕಾರ್ಖಾನೆಗಳ ಹೊಗೆ ಮಕ್ಕಳ ಉಸಿರಿಗೆ ಏನು ಮಾಡುತ್ತದೆ ಎಂದು ಹದಿನಾರು ವರ್ಷದಿಂದ ನೋಡುತ್ತಿದ್ದೇವೆ. ಒಟ್ಟು ಸಾವಿರದ ಒಂಬೈನೂರು ಮಕ್ಕಳು. ನೂರಾ ತೊಂಬತ್ತು ದಾಟಬಾರದು. ನಮ್ಮ ಪುಸ್ತಕಗಳಲ್ಲಿ 'ಊರಲ್ಲಿಲ್ಲ' ಎಂದು ಬರೆದದ್ದು ಇನ್ನೂರ ಎಂಟು. ಅವೆಲ್ಲವೂ ಕೈತಪ್ಪಿದ ಲೆಕ್ಕಕ್ಕೇ ಸೇರುತ್ತವೆ. ದೊಡ್ಡ ಡಾಕ್ಟರು ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ. ಹನ್ನೊಂದು ಜನರ ಕೆಲಸ, ಹದಿನಾರು ವರ್ಷದ ಕಪಾಟುಗಳು, ಎಲ್ಲ ಗೋದಾಮಿಗೆ ಹೋಗುವುದೆಂದೇ ಅಂದುಕೊಂಡಿದ್ದೆವು.

ಮಂಡಳಿಯಿಂದ ಬಂದವರಲ್ಲಿ ಬಿಳಿಕೂದಲಿನ ಒಬ್ಬ ಮೇಡಂ ಮುಖ್ಯಸ್ಥೆ. ಬಿಸ್ಕತ್ತು ಮುಟ್ಟಲಿಲ್ಲ, ನಗಲೂ ಇಲ್ಲ. ನೇರವಾಗಿ ನನ್ನ ದಾಖಲೆ ಕೋಣೆಗೆ ಬಂದು 'ಊರಲ್ಲಿಲ್ಲ' ಎಂಬ ಪುಟಗಳನ್ನು ಒಂದೊಂದಾಗಿ ತಿರುವಿದರು. ಪಕ್ಕದಲ್ಲಿ ನಮ್ಮ ಚೀಲದಮ್ಮ ನಿಂತಿದ್ದಳು. ಅವಳನ್ನು ನೀನು ಮರೆತಿರಲಾರೆ. ತನ್ನಷ್ಟೇ ದಪ್ಪದ ಚೀಲ ಹೆಗಲಿಗೆ ಹಾಕಿಕೊಂಡು ಮನೆ ಭೇಟಿಗೆ ಹೋಗುತ್ತಿದ್ದವಳು, ಈಗಲೂ ಹೋಗುತ್ತಾಳೆ.

"ಈ ಮೂಲೆಯಲ್ಲಿ ಪೆನ್ಸಿಲ್ ಚುಕ್ಕಿ ಇದೆಯಲ್ಲ, ಏನಿದು?" ಎಂದರು ಮೇಡಂ.

ನಾನು ಬಾಯಿ ತೆರೆಯುವಷ್ಟರಲ್ಲಿ ಚೀಲದಮ್ಮ ಹೇಳಿಯೇಬಿಟ್ಟಳು. "ಚುಕ್ಕಿ ಇರೋ ಮನೆಗೆ ಹೋಗಬಾರದು ಮೇಡಂ."

"ಯಾಕೆ?"

"ಮಗು ಇಲ್ಲ."

"ಊರಲ್ಲಿ ಇಲ್ವಾ?"

"ಎಲ್ಲೂ ಇಲ್ಲ ಮೇಡಂ."

ದೊಡ್ಡ ಡಾಕ್ಟರ ಮುಖ ಸುಣ್ಣದ ಹಾಗಾಯಿತು. ಅವರಿಗೆ ಇದು ಗೊತ್ತೇ ಇರಲಿಲ್ಲ. ಮನೆ ಭೇಟಿಯ ಹೆಂಗಸರಿಗೂ ನನಗೂ ಮಾತ್ರ ಗೊತ್ತಿದ್ದ ಸಂಗತಿ. ಮಗು ತೀರಿಹೋಗಿದ್ದರೆ ನಮ್ಮ ನಮೂನೆಯಲ್ಲಿ ತಾಯಿಯನ್ನು ಮೂರು ಪ್ರಶ್ನೆ ಕೇಳಬೇಕು. ಯಾವ ದಿನ, ಎಲ್ಲಿ, ಹತ್ತಿರ ಯಾರಿದ್ದರು. ಮೊದಲ ವರ್ಷ ಒಬ್ಬಳು ಕೇಳಲಾಗದೆ 'ಊರಲ್ಲಿಲ್ಲ' ಎಂದು ಬರೆದು, ಇನ್ನೊಬ್ಬರು ತಿಳಿಯದೆ ಆ ಬಾಗಿಲು ತಟ್ಟದಿರಲಿ ಎಂದು ಚುಕ್ಕಿ ಇಟ್ಟಳು. ಆಮೇಲೆ ಅದೇ ರೂಢಿಯಾಯಿತು. ಹೊಸಬರು ಕೆಲಸಕ್ಕೆ ಸೇರಿದ ದಿನವೇ ಯಾರಾದರೂ ಕಿವಿಯಲ್ಲಿ ಹೇಳಿಕೊಡುತ್ತಿದ್ದರು.

"ಹದಿನಾರು ವರ್ಷ ನನಗೊಂದು ಮಾತು ಹೇಳ್ಲಿಲ್ವಲ್ಲಮ್ಮಾ!" ಎಂದು ದೊಡ್ಡ ಡಾಕ್ಟರು ನನ್ನ ಕಡೆ ನೋಡಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಚೀಲದಮ್ಮ ಮಾತ್ರ ಜಗ್ಗಲಿಲ್ಲ. "ಆ ಮೂರು ಪ್ರಶ್ನೆ ತಾಯಿ ಎದುರಿಗೆ ಕೂತು ನೀವು ಕೇಳಿ ನೋಡಿ ಸಾರ್, ಆಮೇಲೆ ಬೈಯಿರಿ" ಎಂದಳು.

ಮೇಡಂ ಪುಸ್ತಕ ಮುಚ್ಚಿದರು. ದನಿ ಏರಿಸಲಿಲ್ಲ. "ನಿಮಗೆ ಕರುಣೆ ಇದೆ, ಒಪ್ಪಿದೆ. ಆದ್ರೆ ಹೊಗೆಯಿಂದ ಎಷ್ಟು ಮಕ್ಕಳು ಹೋದ್ವು ಅಂತ ತಿಳ್ಕೊಳ್ಳೋಕೇ ಅಲ್ವಾ ಈ ಕೇಂದ್ರ ಇರೋದು? ನೀವು ಬಿಟ್ಟಿರೋದು ಆ ಮಕ್ಕಳನ್ನೇ." ಮೂರು ವಾರ ಗಡುವು ಕೊಟ್ಟರು. ಚುಕ್ಕಿಯ ಪ್ರತಿ ಮನೆಗೂ ಹೋಗಬೇಕು, ಕೇಳಬೇಕು, ಸರಿಯಾಗಿ ಬರೆಯಬೇಕು. ಹಾಗೆ ಬರೆದ ಮಗು ಕೈತಪ್ಪಿದ ಲೆಕ್ಕಕ್ಕೆ ಬರುವುದಿಲ್ಲ, ಏನಾಯಿತೆಂದು ತಿಳಿದ ಲೆಕ್ಕಕ್ಕೆ ಬರುತ್ತದೆ.

ಇಪ್ಪತ್ತೊಂದು ಮನೆಗಳಿಗೆ ಚೀಲದಮ್ಮ ಹೋದಳು. ಏಳೆಂಟು ಮನೆಗೆ ನಾನೂ ಜೊತೆಗಿದ್ದೆ. ಬೈಗುಳ ತಿನ್ನಲು ತಯಾರಾಗಿಯೇ ಹೋದೆವು. ಒಂದು ಮನೆಯಲ್ಲಿ ಬಾಗಿಲು ಹಾಕಿಕೊಂಡರು ನಿಜ, ಮಾರನೆಯ ದಿನ ಅವರೇ ಕರೆದರು. ಉಳಿದವರೆಲ್ಲ ಕೂರಿಸಿ ಹೇಳಿದರು. ಎಷ್ಟು ಸರಿಯಾಗಿ ನೆನಪಿದೆ ಗೊತ್ತಾ! ದಿನ, ಗಂಟೆ, ಮಗುವಿಗೆ ಹಾಕಿದ್ದ ಸ್ವೆಟರಿನ ಬಣ್ಣ. ಆದರೆ ರೈಲ್ವೆ ಗೇಟಿನ ಹತ್ತಿರದ ಮನೆಯಾಕೆ ಹೇಳಿದ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. "ಪಕ್ಕದ ಮನೆಗೆ ಬರ್ತಿದ್ರಿ, ಎದುರು ಮನೆಗೆ ಬರ್ತಿದ್ರಿ. ನಮ್ಮನೆ ಮಾತ್ರ ತಲೆ ತಗ್ಗಿಸ್ಕೊಂಡು ದಾಟ್ತಿದ್ರಿ. ನನ್ನ ಮಗು ಇತ್ತು ಅನ್ನೋದೇ ಮರೆತ್ರಾ ಅಂದ್ಕೊಂಡಿದ್ದೆ." ಚೀಲದಮ್ಮ, ಅಷ್ಟು ಗಟ್ಟಿಗಿತ್ತಿ, ಆಕೆಯ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ನಾವು ಕರುಣೆ ಎಂದುಕೊಂಡದ್ದು ನಮ್ಮ ಹೆದರಿಕೆ, ಅಷ್ಟೇ.

ಅಂತೂ ಇನ್ನೂರ ಎಂಟರಲ್ಲಿ ಇಪ್ಪತ್ತೊಂದು ಕಳೆದು ನೂರಾ ಎಂಬತ್ತೇಳು ಉಳಿಯಿತು. ಮಂಡಳಿಯ ಗೆರೆಯ ಒಳಗೆ ಬಂದೆವು. ಗುರುವಾರ ಆದೇಶದ ಲಕೋಟೆ ಬಂದಾಗ ದೊಡ್ಡ ಡಾಕ್ಟರು ಒಡೆಯಲು ಹೆದರಿ ನನ್ನ ಕೈಗೆ ಕೊಟ್ಟರು, ನಾನು ಹೆದರಿ ಚೀಲದಮ್ಮನಿಗೆ ಕೊಟ್ಟೆ. ಅವಳು ಒಡೆದು, ಕನ್ನಡಕ ಸಿಗದೆ, "ಇದ್ರಲ್ಲಿ 'ವಿಷಾದ' ಅನ್ನೋ ಪದ ಎಲ್ಲೂ ಕಾಣ್ತಿಲ್ಲ, ಅಂದ್ರೆ ಪಾಸು" ಎಂದಳು. ಎಲ್ಲರೂ ಹೋ ಎಂದು ನಕ್ಕೆವು. ದೊಡ್ಡ ಡಾಕ್ಟರು ನಗುತ್ತಾ ನಗುತ್ತಾ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡರು. ಆ ಮೂರು ಪ್ರಶ್ನೆಗಳನ್ನು ಹೇಗೆ ಕೇಳಬೇಕೆಂದು ಬೇರೆ ಊರಿನ ಕೇಂದ್ರದವರಿಗೆ ಚೀಲದಮ್ಮ ಕಲಿಸಿಕೊಡಬೇಕಂತೆ, ಮೇಡಂ ಅದನ್ನೂ ಆದೇಶದಲ್ಲಿ ಬರೆಸಿದ್ದಾರೆ. ಅವಳ ಜಂಬ ನೋಡಬೇಕಿತ್ತು ನೀನು. ಅವತ್ತಿನಿಂದ ಒಳ್ಳೆ ನಿದ್ದೆ ಬರುತ್ತಿದೆ, ಹಸಿವೂ ಆಗುತ್ತಿದೆ.

ಇಷ್ಟು ಸಾಕು, ಕೈ ನೋಯುತ್ತಿದೆ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡು, ಸೋಮಾರಿತನ ಮಾಡಬೇಡ. ನಿನ್ನ ಯಜಮಾನರಿಗೆ ನನ್ನ ನಮಸ್ಕಾರ, ಮುದ್ದು ಮಗಳಿಗೆ ಎರಡೂ ಕೆನ್ನೆಗೆ ಮುತ್ತು. ಮೂವರೂ ಆರೋಗ್ಯವಾಗಿ, ಜಗಳವಾಡಿಕೊಂಡು, ನೂರು ವರ್ಷ ಚೆನ್ನಾಗಿರಿ.

ನಿನ್ನ,
ಅಕ್ಕ

ಮತ್ತೆ: ಪುಟ್ಟಿ, ಮೇಲೆ ನೂರಾ ಎಂಬತ್ತೇಳು ಎಂದು ಬರೆದೆ. ಮಂಡಳಿಗೆ ಹೋದ ಸಂಖ್ಯೆ ನೂರಾ ಎಂಬತ್ತಾರು. ಇಪ್ಪತ್ತೆರಡನೆಯ ಚುಕ್ಕಿ ನಾನು ಇಟ್ಟದ್ದು.

ಅಧ್ಯಯನ ಶುರುವಾದಾಗ ಯಾರೂ ಒಪ್ಪದೆ ನಾನು ಪೇಚಾಡುತ್ತಿದ್ದ ವಾರ, "ನನ್ನ ಮಗನ್ನ ಬರ್ಕೋ ಅಕ್ಕ" ಎಂದು ಮೊದಲ ಸಹಿ ಹಾಕಿದವಳು ನೀನು. ನಮ್ಮ ಪುಸ್ತಕದಲ್ಲಿ ಹೆಸರಿಲ್ಲ, ಸಂಖ್ಯೆ ಮಾತ್ರ. ಅವನು ಒಂದನೆಯ ಸಂಖ್ಯೆ. ಅವನು ಹೋಗಿ ಹದಿಮೂರು ವರ್ಷವಾಯಿತು, ನೀನು ಈ ಊರು ಬಿಟ್ಟು ಹನ್ನೆರಡು. ಅವನ ಪುಟ ಬಂದಾಗ ಚೀಲದಮ್ಮ ನೀರು ಕುಡಿಯುವ ನೆಪದಲ್ಲಿ ಎದ್ದು ಹೋದಳು. ಅದನ್ನು ಬಿಟ್ಟಿದ್ದರೂ ನಾವು ಗೆದ್ದಿರುತ್ತಿದ್ದೆವು, ಯಾರೂ ಕೇಳುತ್ತಿರಲಿಲ್ಲ. ಆದರೆ ಇಪ್ಪತ್ತೊಂದು ತಾಯಂದಿರ ಬಾಯಿಂದ ಹೇಳಿಸಿ, ನನ್ನ ಮನೆಯ ಬಾಗಿಲನ್ನು ನಾನೇ ದಾಟಿಕೊಂಡು ಹೋಗಲು ಆಗಲಿಲ್ಲ. ದಿನ ಬರೆದೆ. ಆಸ್ಪತ್ರೆ ಎಂದು ಬರೆದೆ. ಹತ್ತಿರ ಇದ್ದವರು ತಾಯಿ, ದೊಡ್ಡಮ್ಮ ಎಂದು ಬರೆದೆ. ನಿನ್ನನ್ನು ಕೇಳದೆ ಬರೆದೆ. ಅದಕ್ಕೇ ಎರಡು ತಿಂಗಳು ನಿನಗೆ ಕಾಗದ ಬರೆಯಲಾಗಲಿಲ್ಲ. ನಿನ್ನ ಹತ್ತಿರವೂ ಇಷ್ಟು ವರ್ಷ ಅವನ ಮಾತೆತ್ತಲಿಲ್ಲ ನಾನು. ನೀನೂ ನಾನು ಮರೆತೆ ಅಂದುಕೊಂಡೆಯೇನೋ.

ಮರೆತಿರಲಿಲ್ಲ ಕಣೇ. ಹದಿಮೂರು ವರ್ಷವೂ ಅವನ ಸಾಲಿನಲ್ಲಿ 'ಊರಲ್ಲಿಲ್ಲ' ಎಂದು ಬರೆದು, ಪಕ್ಕದ ಕಾಲಂನಲ್ಲಿ ಮುಂದಿನ ಭೇಟಿಯ ತಾರೀಕನ್ನೂ ಹಾಕುತ್ತಿದ್ದೆ. ಈ ವರ್ಷ ಹಾಕಲಿಲ್ಲ.