ಗಾಡಿಗೊಂದು ಸಿಲಿಂಡರ್, ಮನೆಗೊಂದು

ಜೂನ್ 5, 2006. ಸೋಮವಾರ. ಬೆಳಿಗ್ಗೆ 7

ಗಾಡಿಯ ಸಿಲಿಂಡರ್ ನಿನ್ನೆ ಹುತ್ತೂರು ದಾಟುವ ಮೊದಲೇ ಮುಗಿಯಿತು. ಮಿಕ್ಕ ದಾರಿ ಪೆಟ್ರೋಲಿನಲ್ಲಿ. ಹೊಟ್ಟೆ ಉರಿದುಕೊಂಡೇ ಮುಳಬಾಗಿಲು ಸೇರಿದೆ.

ಬೆಳಿಗ್ಗೆ ಅಡುಗೆಮನೆಯ ಸಿಲಿಂಡರ್ ಎತ್ತಿ ನೋಡಿದೆ. ಅರ್ಧಕ್ಕೆ ಮೇಲಿದೆ. ಬಿಚ್ಚಿ ಓಮ್ನಿಯ ಹಿಂದೆ ಕೂರಿಸಿದೆ. ಏಜೆನ್ಸಿಯಿಂದ ಹೊಸದು ಬರಲು ಇನ್ನೂ ಒಂಬತ್ತು ದಿನ... ಎಲ್ಲಾದರೂ ಬ್ಲಾಕಿನಲ್ಲಿ ಹೊಂದಿಸಬೇಕು. ಎರಡೇ ದಿನ, ಸೀಮೆಎಣ್ಣೆ ಸ್ಟವ್ ನೋಡಿಕೋ ಎಂದೆ. ಭಾರತಿ ಹೂಂ ಎಂದಳು. ಹೂಂ ಎನ್ನುವ ಹೆಂಡತಿ ಸಿಗುವುದು ಪುಣ್ಯ. ನಮ್ಮ ಮನೆಯಲ್ಲಿ ಮಾತು ನನ್ನ ಖಾತೆ.

ಹನ್ನೆರಡು ವರ್ಷದ ಗಾಡಿ. ಒಂಬತ್ತು ವರ್ಷದಿಂದ ಅದಕ್ಕೆ ಎರಡು ಬಾಯಿ — ಪೆಟ್ರೋಲಿನಲ್ಲಿ ಸ್ಟಾರ್ಟ್, ಊರಾಚೆ ಬಂದ ಮೇಲೆ ಸ್ವಿಚ್ ಒತ್ತಿದರೆ ಗ್ಯಾಸು. ಇನ್ಶೂರೆನ್ಸ್ ಏಜೆಂಟನಿಗೆ ನಾಲಗೆ ಒಂದು ಬಂಡವಾಳ, ಗಾಡಿ ಇನ್ನೊಂದು. ನಾಲಗೆಗೆ ಖರ್ಚಿಲ್ಲ. ಗಾಡಿಯದನ್ನೂ ಹಾಗೇ ಮಾಡಿಕೊಂಡವನು ನಾನು. ಸೈಕಲ್ಲಿನಲ್ಲಿ ಶುರು ಮಾಡಿದವನಿಗೆ ಇಷ್ಟು ಜಂಬ ಇದ್ದರೆ ತಪ್ಪಿಲ್ಲ.

ಈವತ್ತು ಹೋಳೂರು, ಶ್ರೀನಿವಾಸಪುರ. ಭಾರತಿ ಹಿತ್ತಲಲ್ಲಿ ಕೆಮ್ಮುತ್ತಿದ್ದಾಳೆ. ಒಗ್ಗರಣೆ ಘಾಟು ಇರಬೇಕು.

ಜೂನ್ 9. ಶುಕ್ರವಾರ. ಮಧ್ಯಾಹ್ನ

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಹೋಳೂರಿನ ಮುನಿಕೃಷ್ಣಪ್ಪನ ಓಮ್ನಿ ಸುಟ್ಟುಹೋಗಿದೆ. ಟೊಮ್ಯಾಟೊ ಸಸಿ ಸಾಗಿಸುತ್ತಿದ್ದವನು, ನನ್ನದೇ ಪಾಲಿಸಿ. ರಸ್ತೆ ಪಕ್ಕದಲ್ಲಿ ಅಸ್ಥಿಪಂಜರ ನಿಂತಿದೆ. ಸೀಟಿನ ಸ್ಪ್ರಿಂಗು, ಸ್ಟೀರಿಂಗಿನ ಬಳೆ, ಇಗ್ನಿಷನ್ನಿನಲ್ಲಿ ಬೀಗದ ಕೈ ಗೊಂಚಲು — ಅಷ್ಟೇ. ಟಿಫಿನ್ ಕ್ಯಾರಿಯರ್ ಮಾತ್ರ ಹಾಗೇ ಇದೆ. ಯಾರೋ ಮುಚ್ಚಳ ತೆಗೆದು ನೋಡಿದರು. ಮುದ್ದೆ ಕಲ್ಲಾಗಿತ್ತು.

ಅವನದೂ ಅದೇ ಮಾಡಲ್ಲು, ನನ್ನ ಗಾಡಿಗೆ ಹಾಕಿದ ಮೆಕ್ಯಾನಿಕ್ ಕದಿರಪ್ಪನೇ ಹಾಕಿದ ಗ್ಯಾಸ್ ಕಿಟ್. ಅವನು ಹಾರಿಕೊಂಡ, ಜೀವ ಉಳಿಯಿತು. ಆಸ್ಪತ್ರೆಯಲ್ಲಿ ಎರಡು ಕೈಗೂ ಬಟ್ಟೆ ಸುತ್ತಿ ಮಲಗಿಸಿದ್ದಾರೆ. ವಾಸನೆ ಬರಲಿಲ್ಲವೇನಯ್ಯಾ ಎಂದೆ.

"ದಿನಾ ಬರ್ತಿತ್ತು ಕಾಂತಣ್ಣ. ಅಭ್ಯಾಸ ಆಗೋಗಿತ್ತು."

ವಾಪಸು ಪೆಟ್ರೋಲಿನಲ್ಲೇ ಬಂದೆ. ಹೊಟ್ಟೆ ಉರಿಯಲಿಲ್ಲ. ಮೂಗು ಮಾತ್ರ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲೇ ಇತ್ತು.

ಜೂನ್ 12

ಕದಿರಪ್ಪನ ಗ್ಯಾರೇಜು. ಹೋದೊಡನೆ ಅವನೇ ಶುರು ಮಾಡಿದ. "ನಾ ಕಿಟ್‌ದು ತಪ್ಪು ಏಮೀ ಲೇದು ಸಾಮಿ. ಪೈಪ್ ಬದ್ಲಾಯ್ಸು ಅಂತ ಮೂರು ಸಲ ಹೇಳಿದ್ದೆ. ಆ ಮಹಾನುಭಾವ ಕೇಳ್ಬೇಕಲ್ಲ."

ನನ್ನದನ್ನು ನೋಡು ಎಂದೆ. ಬಟ್ಟಲಲ್ಲಿ ಸೋಪು ನೊರೆ ಮಾಡಿ ಪೈಪಿನುದ್ದಕ್ಕೂ ಸವರಿದ. ಒಂದು ಕಡೆ ಗುಳ್ಳೆ ಎದ್ದಿತು. ಒಡೆಯಿತು. ಮತ್ತೆ ಎದ್ದಿತು, ಕಪ್ಪೆಯ ಗಂಟಲ ಹಾಗೆ. ಅದಕ್ಕೂ ನನ್ನ ಬೆನ್ನಿಗೂ ಒಂದೂವರೆ ಅಡಿ.

ಕದಿರಪ್ಪ ಬಟ್ಟಲು ಕೆಳಗಿಟ್ಟು ಕೈ ಒರೆಸಿಕೊಂಡ.

ಇಂಜಿನ್ನೂ ಮುಗಿದಿದೆಯಂತೆ. ಗಾಡಿ ಬದಲಾಯಿಸಿ ಎಂದ. ಅವನ ಹತ್ತಿರವೇ 2001ರ ಓಮ್ನಿ ಒಂದಿದೆ, ಹೊಸ ಪೈಪು, ಹೊಸ ವಾಲ್ವು ಹಾಕಿ ಕಿಟ್ ಕೂರಿಸಿಕೊಡುತ್ತಾನಂತೆ. ನೋಡೋಣ ಎಂದೆ. ಮಾಲು ಕಂಡ ಕೂಡಲೇ ಬಾಯಿ ಬಿಡುವ ಗಿರಾಕಿ ನಾನಲ್ಲ.

ಜೂನ್ 18. ಭಾನುವಾರ

ಕೋಲಾರ. ಹಾಸ್ಟೆಲಿನಿಂದ ಮಗಳು ಶಿವಾನಿಯನ್ನೂ ಕರೆದುಕೊಂಡು ಷೋರೂಮಿಗೆ ಹೋದೆ. ಕಂಪನಿಯಿಂದಲೇ ಗ್ಯಾಸ್ ಟ್ಯಾಂಕ್ ಹಾಕಿ ಕೊಡುವ ಕಾರು ಬಂದಿದೆ. ಪೆಟ್ರೋಲೂ ಉಂಟು, ಗ್ಯಾಸೂ ಉಂಟು. ನಮ್ಮ ಓಮ್ನಿಯ ಓದಿದ ತಮ್ಮ. ಬಾಗಿಲು ಹಾಕಿದರೆ ಸದ್ದೇ ಇಲ್ಲ. ತೆಗೆದೆ, ಹಾಕಿದೆ, ತೆಗೆದೆ.

ಸೇಲ್ಸಿನ ಹುಡುಗಿ ಚೂಟಿ. ನಾನು ಬಾಯಿ ತೆರೆಯುವ ಮೊದಲೇ ಹೇಳಿದಳು — ಸಾರ್, ಮನೆ ಸಿಲಿಂಡರ್ ಇದಕ್ಕೆ ಹಾಕೋಕಾಗಲ್ಲ, ಬಂಕಲ್ಲೇ ತುಂಬಿಸ್ಬೇಕು. ನಮ್ಮ ಮುಳಬಾಗಿಲಿನಲ್ಲಿ ಆ ಬಂಕೆಲ್ಲಿದೆ? ಅರ್ಧ ದಿನ ಗ್ಯಾಸ್ ತುಂಬಿಸಲು ಓಡಿದರೆ ಪಾಲಿಸಿ ಮಾಡುವುದು ಯಾವಾಗ? ಇನ್ನೊಂದು, ಹಳೇ ಡೀಸೆಲ್ ಕಾರು. ಅದರಲ್ಲಿ ಗಿರಾಕಿಯನ್ನು ಕೂರಿಸಿದರೆ ನನ್ನ ಮಾತೇ ಅವನಿಗೆ ಕೇಳಿಸುವುದಿಲ್ಲ. ವ್ಯಾಪಾರಕ್ಕೇ ಕುತ್ತು.

ಶಿವಾನಿ ಕಾರು ನೋಡಲೇ ಇಲ್ಲ. ಹೊರಗೆ ಬಂದ ಮೇಲೆ, ಅಪ್ಪಾ, ಅಮ್ಮನ್ನ ಒಂದ್ಸಲ ಡಾಕ್ಟರಿಗೆ ತೋರಿಸು, ಫೋನಲ್ಲಿ ಎರಡು ಮಾತಿಗೆ ಒಂದ್ಸಲ ಉಸಿರಿಗೆ ನಿಲ್ಲಿಸ್ತಾಳೆ ಎಂದಳು. ಗಾಡಿ ಕೆಲಸ ಮುಗಿದ ಮೇಲೆ ತೋರಿಸೋಣ ಎಂದೆ.

ಜೂನ್ 26

ತೀರ್ಮಾನ ಆಯಿತು. ಕಾಂಪ್ರಮೈಸ್ ಇಲ್ಲ. ಕದಿರಪ್ಪನ 2001ರ ಓಮ್ನಿ. ಅಡ್ವಾನ್ಸ್ ಕೊಟ್ಟೆ. ಪೈಪು ಆರು ತಿಂಗಳಿಗೊಮ್ಮೆ ಬದಲಾಯಿಸುವುದು, ಸೋಪಿನ ನೊರೆ ವಾರಕ್ಕೊಮ್ಮೆ. ಇಷ್ಟು ಜಾಗ್ರತೆ ಮಾಡಿದರೆ ಯಾವ ಬೆಂಕಿ? ಎರಡು ಬಾಯಿಯ ರುಚಿ ಕಂಡವನು ಒಂದು ಬಾಯಿಯ ಗಾಡಿ ಕಟ್ಟಿಕೊಂಡು ಏನು ಮಾಡಲಿ.

ಹೊಸ ಸಿಲಿಂಡರ್ ಕೊನೆಗೂ ಬಂತು, ಹನ್ನೆರಡು ದಿನ ತಡವಾಗಿ. ಗಾಡಿಗೆ ಏರಿಸಿದೆ. ಹಳೇ ಗಾಡಿಯೇ, ಪೈಪು ಹೊಸದು. ಮನೆಗೆ ಇನ್ನೆರಡು ದಿನ ಎಂದೆ. ಹೂಂ.

ಜುಲೈ 6. ಗುರುವಾರ. ಕೋಲಾರದ ಆಸ್ಪತ್ರೆ, ಹೊರಗಿನ ಬೆಂಚು

ಮಂಗಳವಾರ ಮಾಲೂರಿನಲ್ಲಿದ್ದೆ. ಒಬ್ಬ ಮೇಷ್ಟರ ಮುಂದೆ ಫಾರಂ ಬಿಚ್ಚಿದ್ದೆ, ಸಹಿ ಒಂದೇ ಬಾಕಿ. ಫೋನ್. ನಮ್ಮೂರ ಸಾಮಿಲ್ಲಿನ ದೊಡ್ಡವೆಂಕಟಪ್ಪ.

"ಕಾಂತಣ್ಣ, ನಿಮ್ಮನೆಯೋರು ಇಲ್ಲಿ ಹೊಟ್ಟಿನ ಚೀಲದ ಮೇಲೆ ಕೂತವ್ರೆ. ಉಸ್ರು ಹತ್ತೋಗದೆ, ಏಳಕ್ಕಾಗ್ತಿಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಭಾರತಿ ಸಾಮಿಲ್ಲಿಗೆ ಯಾಕೆ ಬಂದಳು? ಯಾವ ಚೀಲ?

"ಅದೇನ್ ಹಿಂಗ್ ಕೇಳ್ತೀರಾ. ವಾರ ವಾರ ಬಂದು ಒಂದು ಚೀಲ ಮರದ ಹೊಟ್ಟು ತಗೊಂಡೋಯ್ತಾರಲ್ಲ, ವರ್ಷಗಳಿಂದ."

ಅರವತ್ತು ಕಿಲೋಮೀಟರ್ ಹೇಗೆ ಓಡಿಸಿದೆನೋ. ಗ್ಯಾಸೋ ಪೆಟ್ರೋಲೋ, ಅದೂ ನೆನಪಿಲ್ಲ.

ಈವತ್ತು ಡಾಕ್ಟರಮ್ಮ ಎಕ್ಸ್‌ರೇ ಹಿಡಿದು ಕಿಟಕಿಯ ಬೆಳಕಿಗೆ ತೋರಿಸಿದರು. ನನ್ನನ್ನು ಮಾತ್ರ ಒಳಗೆ ಕರೆದಿದ್ದರು.

"ಎಷ್ಟು ವರ್ಷದಿಂದ ಸೇದ್ತಾರೆ?"

ಏನನ್ನ ಎಂದೆ.

"ಬೀಡಿ."

ಮೂವತ್ತು ವರ್ಷದಿಂದ ಮಾತು ಮಾರಿ ಬದುಕಿದವನು. ಬಾಯಿಗೆ ಬಂದದ್ದು ಬರೀ ರೇಗಾಟ — ನಮ್ಮದು ಅಂಥ ಮನೆಯಲ್ಲ, ವೀಳ್ಯದೆಲೆ ಸಹ ಹಾಕುವುದಿಲ್ಲ ಅವಳು ಎಂದೆ. ಅವರು ರೇಗಲಿಲ್ಲ. ಪೆನ್ನು ಕೆಳಗಿಟ್ಟರು.

"ಹಾಗಾದ್ರೆ ಹೊಗೆ ಎಲ್ಲಿಂದ ಬಂತು? ಮನೇಲಿ ಅಡುಗೆ ಯಾವುದ್ರಲ್ಲಿ?"

ಗ್ಯಾಸ್ ಎಂದೆ. ಎರಡು ಸಿಲಿಂಡರ್ ಇದೆ ಎಂದೆ.

ಜುಲೈ 8. ಶನಿವಾರ. ಬೆಳಿಗ್ಗೆ

ಭಾರತಿಯನ್ನು ಶಿವಾನಿಯ ಜೊತೆ ಆಸ್ಪತ್ರೆಯಲ್ಲಿ ಬಿಟ್ಟು ಬಟ್ಟೆಬರೆ ತರಲು ಮನೆಗೆ ಬಂದೆ. ಹಿತ್ತಲ ತಗಡಿನ ಶೆಡ್ಡಿಗೆ ಹೋದೆ. ಸ್ನಾನದ ನೀರು ಕಾಯಿಸುವ ಜಾಗ ಎಂದೇ ತಿಳಿದಿದ್ದೆ. ಎಷ್ಟು ವರ್ಷ ಆಯಿತೋ ಅದರೊಳಗೆ ಕಾಲಿಟ್ಟು.

ತಗಡು ಕಪ್ಪು. ಗೋಡೆ ಕಪ್ಪು. ಬೆರಳಿಟ್ಟೆ, ಬೆರಳಿನ ಗುರುತು ಗೋಡೆಯ ಮೇಲೆ ಉಳಿಯಿತು. ಮೂಲೆಯಲ್ಲಿ ಹೊಟ್ಟಿನ ಒಲೆ. ಎಣ್ಣೆಯ ಡಬ್ಬ ಕತ್ತರಿಸಿ ಮಾಡಿದ್ದು, ಹೊಟ್ಟು ಗಿಡಿದು ತುಂಬಿ ನಡುವೆ ತೂತು ಬಿಡುವ ಜಾತಿ. ಪಕ್ಕದಲ್ಲಿ ಒಗ್ಗರಣೆ ಸೌಟು, ಉಪ್ಪಿನ ಡಬ್ಬಿ, ಮುದ್ದೆ ಕೋಲು. ನೀರು ಕಾಯಿಸಲು ಮುದ್ದೆ ಕೋಲು ಬೇಕಿಲ್ಲ.

ಸೀಮೆಎಣ್ಣೆ ಸ್ಟವ್ ಅಟ್ಟದ ಮೇಲೆ ಸಿಕ್ಕಿತು. ಬತ್ತಿ ಒಣಗಿದೆ. ಜೇಡರ ಬಲೆ.

ರೇಷನ್ ಕಾರ್ಡ್ ಹುಡುಕಿ ತೆಗೆದೆ. ಮೊದಲ ಪುಟದಲ್ಲೇ ಸೀಲು — ಎರಡು ಸಿಲಿಂಡರಿನ ಗ್ಯಾಸ್ ಇದೆ, ಸೀಮೆಎಣ್ಣೆ ಇಲ್ಲ. 1997. ಗಾಡಿಗೊಂದು ಮನೆಗೊಂದು ಎಂದು ಅವಳ ಹೆಸರಿನಲ್ಲಿ ನಾನೇ ಓಡಾಡಿ ಎರಡನೇ ಸಿಲಿಂಡರ್ ಮಾಡಿಸಿದ ವರ್ಷ. ಮೂರು ತಾಲ್ಲೂಕಿನ ಜನಕ್ಕೆ ಅವರವರ ಕಾಗದ ಓದಿ ಹೇಳುವವನು. ನನ್ನ ಮನೆಯ ಕಾರ್ಡ್ ಓದಿರಲಿಲ್ಲ.

ಅದೇ ದಿನ. ಮಧ್ಯಾಹ್ನ

ಸಿಲಿಂಡರ್ ಪುಸ್ತಕ ತೆಗೆದು ಕೂತೆ. ಒಂಬತ್ತು ವರ್ಷದಿಂದ ಒಂದು ದಿನ ತಪ್ಪದೆ ಬರೆದಿದ್ದೇನೆ. ಎಡಕ್ಕೆ ಗಾಡಿ, ಬಲಕ್ಕೆ ಮನೆ. ಯಾವತ್ತು ಹಾಕಿದ್ದು, ಯಾವತ್ತು ಬಿಚ್ಚಿದ್ದು. ಎಡಗಡೆಯನ್ನು ನೂರು ಸಲ ಕೂಡಿದ್ದೇನೆ — ಸಿಲಿಂಡರಿಗೆ ಎಷ್ಟು ಕಿಲೋಮೀಟರ್, ಎಷ್ಟು ಉಳಿತಾಯ. ಬಲಗಡೆ ಬಿಚ್ಚಿದ ದಿನಕ್ಕೂ ಹಾಕಿದ ದಿನಕ್ಕೂ ನಡುವಿನ ಖಾಲಿಯನ್ನು ಕೂಡಿರಲಿಲ್ಲ. ಈವತ್ತು ಕೂಡಿದೆ.

1,318 ದಿನ.

ತಪ್ಪಿರಬೇಕು ಎಂದು ಮತ್ತೆ ಕೂಡಿದೆ. ಕೆಳಗಿನಿಂದ ಮೇಲಕ್ಕೆ ಕೂಡಿದೆ. 1,318. ಮೂರೂವರೆ ವರ್ಷದ ಮೇಲೆ. ಎರಡೆರಡು ದಿನ ಎಂದು ಹೇಳಿ ತೆಗೆದುಕೊಂಡದ್ದು.

ಅಷ್ಟರಲ್ಲಿ ಒಂದು ದಿನವೂ ನನ್ನ ಊಟ ತಡವಾಗಿಲ್ಲ. ಬೆಳಿಗ್ಗೆ ಏಳುವ ಹೊತ್ತಿಗೆ ಕಾಫಿ, ತಿಂಡಿ, ಕ್ಯಾರಿಯರ್. ಹೊಗೆ ಆರುವಷ್ಟು ಮೊದಲೇ ಏಳುತ್ತಿದ್ದಳು ಎಂದಾಯಿತು.

ಮಾರ್ಚಿನಲ್ಲಿ ಅವಳ ಹೆಸರಿಗೆ ಒಂದು ಪಾಲಿಸಿ ಮಾಡಿದ್ದೆ. ಆ ಫಾರಮ್ಮಿನ ನಕಲು ಕೈಗೆ ಸಿಕ್ಕಿತು. ಉಸಿರಾಟದ ತೊಂದರೆ ಇದೆಯೇ? ಇಲ್ಲ. ನನ್ನ ಅಕ್ಷರ, ಅವಳ ಸಹಿ. ಕೇಳಿ ಬರೆದದ್ದಲ್ಲ.

ಜುಲೈ 10

ಡಿಸ್ಚಾರ್ಜ್. ಬಾಯಿಗೆ ಇಟ್ಟುಕೊಂಡು ಎಳೆಯುವ ಪಂಪು, ಮಾತ್ರೆ. ಹೊಗೆಯ ಹತ್ತಿರ ಹೋಗಬಾರದು, ಭಾರ ಎತ್ತಬಾರದು. ಹೋದದ್ದು ವಾಪಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರಮ್ಮ.

ದಾರಿಯಲ್ಲಿ ಕೇಳಿಯೇಬಿಟ್ಟೆ. ಸೀಮೆಎಣ್ಣೆ ಬರಲ್ಲ ಅಂತ ಯಾಕೆ ಹೇಳಲಿಲ್ಲ ನೀನು.

ಕಿಟಕಿಯ ಕಡೆ ನೋಡುತ್ತಿದ್ದವಳು ತಿರುಗಿದಳು. ನಿಜಕ್ಕೂ ಆಶ್ಚರ್ಯ ಅವಳಿಗೆ.

"ಹೇಳಿದ್ದೆನಲ್ಲ ರೀ. ಸೀಲು ಹಾಕಿದ ದಿನವೇ. ನೀವು ಪುಸ್ತಕ ಬರೀತಿದ್ರಿ... ಹೂಂ ಅಂದ್ರಿ."

ವಕ್ಕಲೇರಿಯವರೆಗೆ... ಅಲ್ಲ, ಆ ಕಡೆಗೆ ಯಾಕೆ ತಿರುಗಿಸಿದೆ? ಮುಳಬಾಗಿಲಿಗೆ ಹೋಗಬೇಕಾದವನು ಮಾಲೂರು ರಸ್ತೆ ಹಿಡಿದಿದ್ದೆ. ಅವಳೇ ಹೇಳಿದಳು, ದಾರಿ ತಪ್ತಿದೀರಿ ಅಂತ.

ಜುಲೈ 15. ಶನಿವಾರ

ಕದಿರಪ್ಪನಿಗೆ ಓಮ್ನಿ ಬೇಡ ಎಂದೆ. ನಂಬಲಿಲ್ಲ. "ಬೇರೆ ಎಲ್ಲಾದ್ರೂ ಇನ್ನೂ ಒಳ್ಳೇದು ಸಿಕ್ತಾ ಸಾಮಿ?" ಇಲ್ಲ, ಇದಕ್ಕಿಂತ ಕೆಟ್ಟದ್ದು ಸಿಕ್ಕಿದೆ ಎಂದೆ. ಅಡ್ವಾನ್ಸ್ ವಾಪಸು ಬರುವುದಿಲ್ಲವಂತೆ. ಚೌಕಾಸಿ ಮಾಡಲಿಲ್ಲ. ಅದಕ್ಕೇ ಅವನು ಹೆಚ್ಚು ಗಾಬರಿಯಾದ. ಜ್ವರ ಗಿರ ಬಂದಿದೆಯಾ ಎಂದು ಕೇಳಿದ.

ತಂದದ್ದು ಹಳೇ 800 ಕಾರು. ಪೆಟ್ರೋಲು ಮಾತ್ರ. ಬಿಳೀದು, ಎಡಗಡೆ ಬಾಗಿಲು ತಟ್ಟಿ ಹಾಕಬೇಕು. ಕಾಲು ಚಾಚಲು ಜಾಗವಿಲ್ಲ. ಮಾಲೂರಿಗೆ ವಾರಕ್ಕೆ ಎರಡು ಸಲ ಹೋಗುತ್ತಿದ್ದುದು ಇನ್ನು ಒಂದು ಸಲ, ಮಿಕ್ಕಿದ್ದು ಬಸ್ಸು. ಕಾಂಪ್ರಮೈಸೇ. ನಾನು ಮಾಡಿಕೊಂಡ ಮೊದಲನೆಯದು. ಮನೆಯಲ್ಲಿ ಮೊದಲನೆಯದಲ್ಲ.

ಎರಡೂ ಸಿಲಿಂಡರ್ ಅಡುಗೆಮನೆಯಲ್ಲಿ ನಿಲ್ಲಿಸಿದೆ. ಭಾರತಿ ನೋಡಿದಳು. ಹೇಳಬೇಕು ಎಂದುಕೊಂಡೆ — ಇನ್ನು ಇವು ಎರಡೂ ನಿನ್ನವು ಅಂತ. ಏಳು ಸಾವಿರ ಜನರ ಮುಂದೆ ಮೈಕ್ ಹಿಡಿದು ಮಾತಾಡಿದ್ದೇನೆ. ಸಿಲಿಂಡರಿನ ತಲೆ ಒರೆಸುತ್ತಾ ನಿಂತೆ. ನಾಳೆ ಹೇಳೋಣ.

ಊಟಕ್ಕೆ ಕೂತಾಗ ಅವಳೇ ಸಮಾಧಾನ ಹೇಳಿದಳು. "ಶೆಡ್ಡಲ್ಲಿ ಹೊಗೆ ಬೇಡ ಅಂದ್ರಲ್ಲ ಡಾಕ್ಟರಮ್ಮ. ಯೋಚನೆ ಮಾಡ್ಬೇಡಿ. ಒಲೇನ ಬಯಲಿಗೆ ಇಟ್ಕೊತೀನಿ, ಗಾಳಿಗೆ ಹೋಗುತ್ತೆ."

ಕೈ ತೊಳೆದು ಎದ್ದೆ. ಹೋಗಿ ಆ ಒಲೆಯನ್ನು ಕಾಲಿನಿಂದ ಒದ್ದೆ. ಡಬ್ಬ ಸೊಟ್ಟಗಾಯಿತು. ಅವಳು ಏನೋ ಬಿತ್ತು ಎಂದುಕೊಂಡಳು.

ಜುಲೈ 17. ಸೋಮವಾರ. ಬೆಳಿಗ್ಗೆ 6.30

ನಿನ್ನೆಯೂ ಹೇಳಲಿಲ್ಲ.

ಈವತ್ತು ಮಾಲೂರು, ಅದೇ ಮೇಷ್ಟರ ಸಹಿ. ಹಲ್ಲುಜ್ಜುತ್ತಿದ್ದೆ. ಹೊರಗೆ ಕಬ್ಬಿಣ ಉರುಳಿಸಿದ ಸದ್ದು. ನಿಂತಿತು. ಮತ್ತೆ ಉರುಳಿತು. ಬಂದು ನೋಡಿದರೆ ಭಾರತಿ ಹೊಸ ಗಾಡಿಯ ಹಿಂದೆ ಕೂತಿದ್ದಾಳೆ, ನೆಲದ ಮೇಲೆ. ಪಕ್ಕದಲ್ಲಿ ತುಂಬಿದ ಸಿಲಿಂಡರ್. ರೆಗ್ಯುಲೇಟರ್ ಬಿಚ್ಚಿ, ಮೆಟ್ಟಿಲಿಳಿಸಿ, ಅಂಗಳದುದ್ದಕ್ಕೂ ಒಬ್ಬಳೇ ಉರುಳಿಸಿ ತಂದಿದ್ದಾಳೆ. ಸೆರಗು ಬಾಯಿಗೆ ಒತ್ತಿಕೊಂಡಿದ್ದಾಳೆ. ಎದೆಯಲ್ಲಿ ಶಿಳ್ಳೆ.

ಡಿಕ್ಕಿ ತೆಗೆದು ಒಳಗೆ ಬಗ್ಗಿ ಹುಡುಕಿದ್ದಾಳೆ. ಉಸಿರು ಸಿಕ್ಕಿದ ಮೇಲೆ ಕೇಳಿದಳು —

"ರೀ, ಇದ್ರಲ್ಲಿ ಸಿಲಿಂಡರ್ ಎಲ್ಲಿ ಕೂರಿಸ್ತಾರೆ? ಜಾಗಾನೇ ಕಾಣ್ತಿಲ್ಲ."

ನಾನು ಪಕ್ಕದಲ್ಲಿ ನೆಲದ ಮೇಲೇ ಕೂತೆ. ಬಾಯಲ್ಲಿ ಪೇಸ್ಟು. ಹೇಳಲು ಹೋದೆ. ಭಾರತಿ, ಎಂದೆ, ಇದಕ್ಕೆ ಸಿಲಿಂಡರ್ ಬೇಡ, ಎರಡೂ ನಿನ್ನವು.